ಸೋಮವಾರ ಸಿಗದ ಡ್ರೈವ್

ಮೂರು ವಾರ ನನ್ನ ತಲೆ ಕೆಟ್ಟಿತ್ತು. ನರೇಗಲ್ಲಿನ ಮನೆಯಲ್ಲೇ ಕೂತು ಮದುವೆ ಆಲ್ಬಮ್ ಮಾಡುವವನು ನಾನು. ಪ್ರತಿ ಸೋಮವಾರ ಕಂಪ್ಯೂಟರಿನ ಫೋಟೊಗಳೆಲ್ಲ ಪಡಸಾಲೆಯ ಗೋಡೆಗೂಡಿನಲ್ಲಿ ಹೊಸದಾಗಿ ತಂದಿಟ್ಟ ನೆಟ್‌ವರ್ಕ್ ಡ್ರೈವಿಗೆ ತಾವಾಗಿಯೇ ನಕಲಾಗಬೇಕು. ಮೂರು ಸೋಮವಾರವೂ 'ಡ್ರೈವ್ ಸಿಗುತ್ತಿಲ್ಲ' ಎಂದೇ ಬಂತು. ಮಂಗಳವಾರ ನೋಡಿದರೆ ಎಲ್ಲ ಸರಿ. ಕೇಬಲ್ ಬದಲಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಊಟಕ್ಕೆ ಕೂತರೂ ಅರ್ಧಕ್ಕೇ ಎದ್ದು ಹೋಗಿ ರೌಟರ್ ಅಲುಗಾಡಿಸಿದೆ.

ನಾಲ್ಕನೆಯ ಸೋಮವಾರ ಬೆಳಗ್ಗೆ ಡ್ರೈವಿನ ಎದುರೇ ಕಾದು ಕೂತೆ. ಅವ್ವ ಜಳಕ ಮುಗಿಸಿ ಬಂದವಳೇ ಅದರ ಸ್ವಿಚ್ ಆರಿಸಿ, ಮೇಲೊಂದು ಹೂವಿಟ್ಟಳು.

"ಯವ್ವಾ, ಯಾಕ ಬಂದ್ ಮಾಡಿದಿ?"

"ಸೋಮವಾರ ಎತ್ತಿನ ಹೆಗಲಿಗೂ ನೊಗ ಇಡಂಗಿಲ್ಲ. ಇದು ವಾರೆಲ್ಲಾ ಗುಂಯ್ ಅಂತ ದುಡಿತೈತಿ. ಒಂದಿನ ಆರಾಮ ಇರ್ಲಿ. ನಾಳೆ ಮುಂಜಾನೆ ನಾನ ಚಾಲೂ ಮಾಡ್ತೀನಿ."

ನಮ್ಮ ಎತ್ತು ಮಾರಿ ಎಷ್ಟೋ ವರ್ಷವಾಗಿದೆ. ಅವ್ವನ ಸೋಮವಾರ ಮಾತ್ರ ಇನ್ನೂ ಉಳಿದಿದೆ.

ಬ್ಯಾಕಪ್ಪನ್ನು ಮಂಗಳವಾರಕ್ಕೆ ಬದಲಿಸಲು ಆಗಲೇ ಕಂಪ್ಯೂಟರಿನ ಮುಂದೆ ಕೂತೆ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಅದರ ಸ್ವಿಚ್ ಸಿಕ್ಕೈತಿ. ನಿಂದು ಎಲ್ಲೈತೋ, ಇನ್ನೂ ಸಿಗವಲ್ದು."