ಅಂಚೆ ಕಚೇರಿ ಇದ್ದ ಮೂಲೆ

ನಾನು ಒಮ್ಮೆಯೂ ಕಾಲಿಡದ ಊರೊಂದರ ಬೀದಿಗಳು ನನಗೆ ಬಾಯಿಪಾಠವಾಗಿವೆ ಎಂದರೆ ನೀವು ನಗುತ್ತೀರಿ. ನಗಿ. ಲಂಡನ್ನಿನ ಈ ಇಲ್ಫರ್ಡಿನಲ್ಲಿ ಇಷ್ಟು ವರ್ಷ ಇದ್ದೂ ನಮ್ಮ ಹಿಂದಿನ ಬೀದಿಯ ಹೆಸರು ಕೇಳಿದರೆ ತಡವರಿಸುತ್ತೇನೆ. ಆದರೆ ಆಸ್ಟ್ರೇಲಿಯಾದ ಒಳನಾಡಿನ ಆ ಪುಟ್ಟ ಊರಿನಲ್ಲಿ ಹಿಟ್ಟಿನ ಗಿರಣಿ ಎಲ್ಲಿ, ಯಾವ ಹೋಟೆಲಿನ ಮಹಡಿಗೆ ಕಬ್ಬಿಣದ ಕಟಾಂಜನ ಎಂದು ಕೇಳಿ, ಥಟ್ಟನೆ ಹೇಳುತ್ತೇನೆ.

ಕಾರಣ, ಮಗಳು ಮೇಧಾ. ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿತು, ಹೊರಡುತ್ತೇನೆ ಎಂದಳು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗುರುತು ಪರಿಚಯವಿಲ್ಲದ ಊರಿನಲ್ಲಿ ಹುಡುಗಿ ಒಬ್ಬಳೇ ದಿಕ್ಕು ತಪ್ಪಿದರೆ? ಕೆಟಲ್ ಹಚ್ಚುತ್ತಿದ್ದೆ, ಚಹಾ ಮಾಡುವುದನ್ನು ಮರೆಯುತ್ತಿದ್ದೆ.

"ಕಾಲಾಗ ಚಕ್ರ ಅದ ಏನ್ರಿ ನಿಮಗ? ಒಂದ್ ಕಡೆ ಕೂಡ್ರಿ ನೋಡೋಣು!" ಎಂದು ನನ್ನಾಕೆ ಗದರಿದಳು.

ಕೂತೆ, ಕಂಪ್ಯೂಟರಿನ ಮುಂದೆ. ಆ ಊರಿನ ಯಾರೋ ಪುಣ್ಯಾತ್ಮ ಅಲ್ಲಿಯ ಒಂದೊಂದು ಕಟ್ಟಡದ ಚರಿತ್ರೆಯನ್ನೂ ಬರೆದಿಟ್ಟಿದ್ದ. ಬೀದಿಗಳು ಬಹಳ ಅಗಲವಂತೆ, ಹಿಂದೆ ಎತ್ತಿನ ಬಂಡಿಗಳು ಸುತ್ತು ಹಾಕಿ ತಿರುಗಬೇಕಿತ್ತಲ್ಲ. ಎತ್ತು ಎಂದೊಡನೆ ಊರು ಅರ್ಧ ನಮ್ಮದೇ ಅನ್ನಿಸಿತು.

ನಮ್ಮ ಧಾರವಾಡದವರಿಗೆ ವಿಳಾಸವೆಂದರೆ ನಂಬರಲ್ಲ, ಗುರುತು. ಟಾಕೀಸು ಕೆಡವಿ ಎಷ್ಟೋ ಕಾಲವಾದರೂ ನಮ್ಮ ಸೋದರಮಾವನ ಮನೆ ಇವತ್ತಿಗೂ ಟಾಕೀಸಿನ ಹಿಂದೆಯೇ ಇದೆ. ಇಲ್ಲಿ ಯಾರಾದರೂ ಪೋಸ್ಟ್‌ಕೋಡ್ ಕೇಳಿದರೆ ನಾನು "ಹಳೇ ಸಿನೆಮಾ ಇತ್ತಲ್ಲ…" ಎಂದು ಶುರುಮಾಡುತ್ತೇನೆ. ಮೇಧಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಚಾಳಿ ಬಿಡಲಿಲ್ಲ. ಕನ್ನಡ ಓದಲು ಬಾರದ ಮಗಳಿಗೆಂದು ಅಲ್ಲಿಯ ಬಾಡಿಗೆ ಮನೆಗೆ ಹೋಗುವ ದಾರಿಯನ್ನು ಇಂಗ್ಲಿಷಿನಲ್ಲೇ ಚೀಟಿಯಲ್ಲಿ ಬರೆದು ಅವಳ ಬ್ಯಾಗಿನಲ್ಲಿ ತುರುಕಿದೆ. ಸ್ಟೇಷನ್ನಿನಿಂದ ನೇರ, ಅಂಚೆ ಕಚೇರಿಯ ಮೂಲೆಯಲ್ಲಿ ಎಡಕ್ಕೆ, ಬೇಕರಿ ದಾಟಿ ಮೂರನೇ ಮನೆ.

ಅವಳು ಅಲ್ಲಿ ಇಳಿದ ಮರುದಿನ ಫೋನು ಬಂತು. "ಅಪ್ಪಾ, ಫೋನ್ ಡೆಡ್ ಆಗಿತ್ತು, ನಿನ್ನ ಚೀಟಿ ಒಂದೇ ಇತ್ತು. ಪೋಸ್ಟ್ ಆಫೀಸೂ ಇಲ್ಲ, ಬೇಕರಿನೂ ಇಲ್ಲ! ಐ ವಾಸ್ ಸೋ ಲಾಸ್ಟ್!"

ಚರಿತ್ರೆ ಓದಿ ಓದಿ, ಮಗಳನ್ನು ಅವಳ ಮುತ್ತಜ್ಜನ ಕಾಲದ ಊರಿಗೆ ಕಳಿಸಿದ್ದೆ! ಥೂ ನನ್ನ ಬುದ್ಧಿಗಿಷ್ಟು.

ಆಮೇಲೆ ಅವಳೇ ಹೇಳಿದಳು. ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕಿಯೊಬ್ಬರು ಚೀಟಿ ಓದಿ ಬಿದ್ದು ಬಿದ್ದು ನಕ್ಕರಂತೆ. ಅಂಚೆ ಕಚೇರಿಯಲ್ಲಿ ಈಗ ನಾಯಿಗಳಿಗೆ ಸ್ನಾನ ಮಾಡಿಸುತ್ತಾರೆ. ಬೇಕರಿ ಅವರ ಮದುವೆಗೆ ಮುಂಚೆಯೇ ಸುಟ್ಟುಹೋಗಿತ್ತು. ಆದರೂ ನಾವೂ ಹೀಗೇ ದಾರಿ ಹೇಳುವುದು ಎನ್ನುತ್ತಾ ಮನೆಯ ಬಾಗಿಲವರೆಗೂ ಬಂದು ಬಿಟ್ಟರಂತೆ.

ಈ ಬೇಸಿಗೆಗೆ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಬುದ್ಧಿ ಕಲಿತವನಂತೆ ಮೊನ್ನೆ ಮೇಧಾಳಿಗೆ ಪೋಸ್ಟ್‌ಕೋಡ್ ಕೇಳಿದೆ.

"ಪೋಸ್ಟ್‌ಕೋಡ್ ಯಾಕಪ್ಪಾ? ಸ್ಟೇಷನ್ನಿಂದ ಸ್ಟ್ರೇಟ್ ಬಾ. ಪೋಸ್ಟ್ ಆಫೀಸ್ ಇತ್ತಲ್ಲ, ಅಲ್ಲಿ ಲೆಫ್ಟ್."

ಹಿಗ್ಗಿಹೋದೆ. ಇರುವುದನ್ನು ಯಾರು ಬೇಕಾದರೂ ತೋರಿಸಿಯಾರು. ಇಲ್ಲದ್ದನ್ನು ತೋರಿಸಿ ದಾರಿ ಹೇಳಬೇಕಾದರೆ ಆ ಊರಿನವರೇ ಆಗಬೇಕು. ಇನ್ನು ಅವಳು ಅಲ್ಲಿ ದಿಕ್ಕು ತಪ್ಪುವವಳಲ್ಲ. ಫೋನು ಇಟ್ಟ ಮೇಲೆ ಹೊಳೆಯಿತು, ಇಲ್ಲಿಗೆ ವಾಪಸು ಬರುವವಳೂ ಅಲ್ಲ.

ಎದ್ದು ಮತ್ತೆ ಕೆಟಲ್ ಹಚ್ಚಿದೆ.