ಹೊಸ ಬಟ್ಟೆಗೆ ಬಾವೋ ಅಂಕಲ್ ಹೇಳುತ್ತಿದ್ದ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಾವೋ ಅಂಕಲ್ ಬಾಯಿ ಕಟ್ಟಿಹೋದದ್ದರಲ್ಲಿ ಅರ್ಧ ಪಾಲು ನನ್ನದು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಅದು ನನ್ನ ಗಂಟಲಿಂದ ಬರುತ್ತದೆ. ನಮ್ಮ ಮ್ಯಾನೇಜರು, ಫೋನಿನಲ್ಲಿ "ಉಣ್ಣಕ್ಕೆ ಏನ್ ಮಾಡ್ಕಂಡೆ ಮಗಾ" ಅನ್ನುವ ಮಂಡ್ಯದ ನಮ್ಮವ್ವ, ಹುಡುಗಿಯರ ಮುಂದೆ ತೊದಲುವ ನಾನು, ಯಾರನ್ನೂ ಬಿಟ್ಟವನಲ್ಲ.

ಬಾವೋ ಅಂಕಲ್ ದರ್ಜಿ. ಅಮೆರಿಕದ ಸನ್ನಿವೇಲಿನಲ್ಲಿ ನಮ್ಮ ಗ್ರೋಸರಿ ಅಂಗಡಿಯ ಪಕ್ಕದಲ್ಲೇ ಅವರದೊಂದು ಗೂಡು. ಈ ಕಡೆಯ ಕನ್ನಡದವರ ಬ್ಲೌಸು, ಪ್ಯಾಂಟುಗಳೆಲ್ಲ ಅವರ ಕೈಯಲ್ಲೇ ಬಿಗಿಯಾಗಬೇಕು, ಸಡಿಲಾಗಬೇಕು. ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಹರಕು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು: "ಪ್ರತಿ ವರ್ಷ ಸೊಂಟ ಬಿಡಿಸ್ಬೇಕು ನಿಂಗೆ. ಮುಂದಿನ ಸಲ ಪ್ಯಾಂಟ್ ಬೇಡ, ಕಿಟಕಿ ಪರದೆ ತಗೊಂಡ್ಬಾ."

ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಏನೋ ಗುನುಗುತ್ತಿದ್ದರು. ಅದನ್ನೇ ನಾನು ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ "ಚೀನೀ ಮಂತ್ರ" ಅಂತ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಒಂದು ದಿನ ಕೊಬ್ಬು ಹೆಚ್ಚಾಗಿ ಅವರೆದುರೇ ಮಾಡಿದೆ. ಅವರು ನಗಲಿಲ್ಲ. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದರು.

"ಚೀನೀ ಅಲ್ಲ ಅದು. ನಾನು ಚೀನಾದೊಳಗಿನ ಮಂಗೋಲ. ಹೊಸ ಬಟ್ಟೆಗೆ ನಮ್ಮಲ್ಲಿ ಹರಸ್ತಾರೆ: ಬಟ್ಟೆ ಸವೀಲಿ, ತೊಟ್ಟೋರು ಉಳೀಲಿ. ನಮ್ಮಮ್ಮ ಹೇಳ್ತಿದ್ದಳು."

ನಾನು ನಾಲಿಗೆ ಕಚ್ಚಿಕೊಂಡೆ.

"ಇನ್ನೊಂದ್ಸಲ ಹೇಳು," ಅಂದರು. ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

ಅಂದಿನಿಂದ ಹೋದಾಗಲೆಲ್ಲ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟು ಆ ಹರಕೆಯನ್ನು ಹೇಳಿಸುವರು. ಮಗ ಸೊಸೆಯ ಮನೆಮಾತು ಚೀನೀ. ಮೊಮ್ಮಗಳು ಲಿಲಿಗೆ ಪ್ರತಿ ಶನಿವಾರ ಚೀನೀ ಕ್ಲಾಸು. "ಹೆಂಡತಿ ಹೋದ್ಮೇಲೆ ನಮ್ಮ ಭಾಷೇಲಿ ತಿರುಗಿ ಮಾತು ಕೊಟ್ಟೋರಿಲ್ಲ," ಅಂದರು ಒಮ್ಮೆ. "ಈಗ ಕನಸಲ್ಲೂ ಅಮ್ಮ ಚೀನೀಲೇ ಬಯ್ತಾಳೆ. ಅವಳಿಗೆ ಚೀನೀ ಬರ್ತಾನೇ ಇರ್ಲಿಲ್ಲ." ನಾನು ನಕ್ಕೆ. ನಗುವ ಮಾತು ಅಂದುಕೊಂಡಿದ್ದೆ.

ಲಿಲಿಯ ಹತ್ತನೇ ಹುಟ್ಟುಹಬ್ಬಕ್ಕೆ ಯೂನಿಯನ್ ಸಿಟಿಯ ಮಗನ ಮನೆಗೆ ನನ್ನನ್ನೂ ಕರೆದರು. ಮೊಮ್ಮಗಳಿಗೆಂದು ನೀಲಿ ನಿಲುವಂಗಿ ಹೊಲಿದಿದ್ದರು, ಅವರ ಕಡೆಯದು, ಓರೆ ಗುಂಡಿಯದು. ಅವಳು ತೊಟ್ಟು ನಿಂತಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ? ಅವರಮ್ಮನ ದನಿ ಹೀಗಿದ್ದಿರಬೇಕು ಅಂತ ಊಹಿಸಿ, ಮುದುಕಿಯ ಗಂಟಲು ಮಾಡಿ, ಆ ಹರಕೆಯನ್ನು ಹೇಳಿಯೇಬಿಟ್ಟೆ.

ಬಾವೋ ಅಂಕಲ್ ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ಬರುವುದು ಅಷ್ಟೇ ಅಂತ ಅವರಿಗೆ ಗೊತ್ತಿತ್ತು. ಆ ಗಳಿಗೆ ಮರೆತೇಬಿಟ್ಟರು. ಕಟ್ಟೆಯೊಡೆದ ಹಾಗೆ ಆ ಭಾಷೆಯಲ್ಲಿ ಮಾತಾಡಿದರು, ಮಾತಾಡಿದರು, ನಿಲ್ಲಿಸಿ ನನ್ನ ಮುಖ ನೋಡಿದರು. ಏನೋ ಕೇಳಿದ್ದಾರೆ ಅಂತ ದನಿಯಿಂದಲೇ ತಿಳಿಯಿತು. ನನ್ನ ಹತ್ತಿರ ಇದ್ದ ಸರಕು ಅದೊಂದೇ. ಗಾಬರಿಯಲ್ಲಿ ಅದೇ ಹರಕೆಯನ್ನು ಮತ್ತೆ ಹೇಳಿದೆ. ನೆಂಟರೆಲ್ಲ ನಕ್ಕರು. ಅವರು ಮಗುವಿಗೆ ಕೇಳುವ ಹಾಗೆ ನಿಧಾನವಾಗಿ ಇನ್ನೊಮ್ಮೆ ಕೇಳಿದರು. ನಾನು ತಲೆ ತಗ್ಗಿಸಿದೆ. ಕೈ ಬಿಟ್ಟು ಅದನ್ನೇ ಲಿಲಿಯನ್ನು ಕೇಳಿದರು. ಅವಳು ಅಮ್ಮನ ಮುಖ ನೋಡಿದಳು. ಕೊನೆಗೆ ಮಗನ ಕಡೆ ತಿರುಗಿದರು.

ಅವತ್ತಿನಿಂದ ಅವರು ಯಾವ ಬಟ್ಟೆಗೂ ಏನೂ ಹೇಳಲಿಲ್ಲ. ಎರಡು ತಿಂಗಳಿಗೆ ಅಂಗಡಿಯನ್ನೂ ಬಿಟ್ಟರು. ಮಗನ ಮನೆಗೆ ಫೋನು ಮಾಡಿದರೆ ಸೊಸೆ "ಮಲಗಿದ್ದಾರೆ" ಅನ್ನುತ್ತಾಳೆ, ಯಾವ ಹೊತ್ತಿನಲ್ಲಿ ಮಾಡಿದರೂ. ಮಗ ಒಳ್ಳೆಯವನೇ. ಆ ದಿನ ಅಪ್ಪ ಕೇಳಿದಾಗ ದನಿಯನ್ನೂ ಏರಿಸಲಿಲ್ಲ. ಎಲ್ಲರಿಗೂ ತಿಳಿಯಲಿ ಅಂತಲೋ ಏನೋ, ಇಂಗ್ಲಿಷಿನಲ್ಲೇ ಹೇಳಿದ:

"ನನ್ನನ್ನ ಯಾಕಪ್ಪಾ ಕೇಳ್ತೀಯ? ನನಗೂ ನಮ್ಮ ಭಾಷೆ ಬರ್ತಿತ್ತು. ಚೀನೀ ಸ್ಕೂಲಿಗೆ ಸೇರಿಸಿದ ವರ್ಷ ಅಳತೆಕೋಲು ತಗೊಂಡು ಹೊಡೆದು ಅದನ್ನ ಬಿಡಿಸಿದ್ದು ನೀನೇ."