ಠಾಣೆಯ ಬಾಗಿಲಲ್ಲಿ ಪೊಸಾದಾ

ಇಲಾರಿಯಾ ಅಜ್ಜಿ ದನಿ ಎತ್ತದಿದ್ದರೆ ಗ್ವಾಟೆಮಾಲಾದ ಕೊರಕಲಂಚಿನ ನಮ್ಮ ಓಣಿಯಲ್ಲಿ ಪೊಸಾದಾ ಇಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಸಂಜೆಗಳಲ್ಲಿ ಯೇಸುವಿನ ಹೆರಿಗೆಗೆ ಜಾಗ ಹುಡುಕಿ ಅಲೆದ ಮರಿಯಾ, ಹೋಸೆಯರ ಗೊಂಬೆ ಹೊತ್ತು, ಆಮೆಚಿಪ್ಪು ಬಡಿಯುತ್ತ, ದಿನಕ್ಕೊಂದು ಬಾಗಿಲಲ್ಲಿ ನಿಂತು ತಂಗಲು ಜಾಗ ಬೇಡುತ್ತೇವೆ. ಒಳಗಿನವರು ‘ಜಾಗವಿಲ್ಲ, ಹೋಗಿ’ ಎಂದು ಹಾಡಿನಲ್ಲೇ ಗದರುತ್ತಾರೆ. ಬೇಡಿ ಬೇಡಿ ಸಾಕಾದ ಮೇಲೆ ಬಾಗಿಲು ತೆರೆಯುತ್ತದೆ. ಬಿಸಿ ಹಣ್ಣಿನ ಪಾನಕ ಪೊಂಚೆ, ಜೋಳದ ಕಡುಬು ತಮಾಲೆ ಸಿಗುತ್ತವೆ. ಯಾರ ಮನೆಗೆ ಎಂಬುದು ಅಜ್ಜಿಯ ತೀರ್ಮಾನ. ಟೊಮೆಟೊ ಮಾರುವ ಮುದುಕಿಯಾದರೇನು, ಅವಳಿಗೆ ಪಾದ್ರಿಯೂ ಎದುರಾಡುವುದಿಲ್ಲ.

ಕಳೆದ ವರ್ಷ ಪೊಲೀಸಿನ ಒಬ್ದುಲಿಯೋ ಅವಳ ಬುಟ್ಟಿಯ ಮುಂದೆ ಟೋಪಿ ತೆಗೆದು ನಿಂತ. ಒಂದು ಸಂಜೆ ಪೊಸಾದಾ ಠಾಣೆಗೂ ಬರಲಿ ಎಂದು ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ಪೊಲೀಸರು ಅವಳ ಮಗ ಎಲ್ಮೆರನನ್ನು ಎಳೆದೊಯ್ದಾಗ ಅವಳು ಅದೇ ಠಾಣೆಯ ಬಾಗಿಲಲ್ಲಿ ಬೆಳಕು ಹರಿಯುವವರೆಗೆ ನಿಂತಿದ್ದಳು. ‘ಇಲ್ಲಿಲ್ಲ, ಹೋಗು’ ಎಂದಿದ್ದರು. ಹುಡುಗ ಒಳಗೇ ಇದ್ದ. ಹೊರಬಂದಾಗ ಅವನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಅಂದಿನಿಂದ ಮನೆಗೆ ಕಳ್ಳ ನುಗ್ಗಿದರೂ ಓಣಿಯವರು ಆ ಮೆಟ್ಟಿಲು ಹತ್ತಿದ್ದಿಲ್ಲ.

ಒಬ್ದುಲಿಯೋ ಬೇರೆ ಥರ, ನಿಜ. ಜೀಪು ಬಿಟ್ಟು ನಡೆದೇ ಬರುತ್ತಾನೆ, ಎಲ್ಲರ ಹೆಸರೂ ಗೊತ್ತು, ಕುಡಿದು ಬಿದ್ದವರನ್ನು ಲಾಕಪ್ಪಿಗೆ ತಳ್ಳದೆ ಮನೆಗೆ ಮುಟ್ಟಿಸುತ್ತಾನೆ. ಆದರೂ ತೋಳ ಕುರಿ ಕಾಯುವುದುಂಟೇ ಎಂದು ನಾವು ದೂರವೇ ಇದ್ದೆವು. ಅವನು ಕೇಳಿದ್ದಕ್ಕೆ ಅಜ್ಜಿ ಕೈಲಿದ್ದ ಟೊಮೆಟೊ ಒರೆಸಿ ಬುಟ್ಟಿಗಿಟ್ಟಳು.

“ಬರ್ತೀವಿ. ಪೊಂಚೆ ಸಪ್ಪೆ ಇದ್ರೆ ನಿನ್ನ ಬೂಟಿನ ಮೇಲೇ ಚೆಲ್ತೀನಿ ನೋಡು,” ಎಂದಳು.

ಆ ಸಂಜೆ ಓಣಿಗೆ ಓಣಿಯೇ ಬಂತು, ಅರ್ಧ ಜನ ಭಕ್ತಿಗೆ, ಅರ್ಧ ಜನ ಕುತೂಹಲಕ್ಕೆ. ಅವಳು ಅಲ್ಲಿಂದ ತಿರುಗಿಬಿಟ್ಟರೆ ಇನ್ನು ಯಾರೂ ಅತ್ತ ಸುಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮುಚ್ಚಿದ ಬಾಗಿಲ ಮುಂದೆ ಅಜ್ಜಿ ಹಾಡು ಎತ್ತಿದಳು. ಬೇಡುವ ಸಾಲು ಮುಗಿಸಿದಳು. ಒಳಗಿನಿಂದ ಬೈಗುಳದ ಸಾಲು ಬರಬೇಕಿತ್ತು, ಬರಲಿಲ್ಲ. ಬಾಗಿಲೇ ತೆರೆಯಿತು.

ಒಬ್ದುಲಿಯೋನ ಕಣ್ಣು ಕೆಂಪಾಗಿತ್ತು. “ನನ್ ಕೈಲಿ ಆಗಲ್ಲ ಅಜ್ಜಿ. ಈ ಬಾಗಿಲಲ್ಲಿ ನಿಂತು ನಿಮಗೆ ಹೋಗು ಅನ್ನೋಕೆ ನಾಲಿಗೆ ಹೊರಳ್ತಿಲ್ಲ.”

ನನ್ನ ಕೈಯಲ್ಲಿದ್ದ ಆಮೆಚಿಪ್ಪು ತಾನಾಗಿ ನಿಂತಿತು. ಇನ್ನು ಇವಳು ಹಿಂದಿರುಗುತ್ತಾಳೆ ಎಂದುಕೊಂಡೆ. ಅವಳು ಅವನ ಮುಖವನ್ನೇ ನೋಡಿದಳು, ನಿಧಾನವಾಗಿ.

“ಅರ್ಧಕ್ಕೆ ಬಿಟ್ಟರೆ ಪೊಸಾದಾ ಅಲ್ಲ ಮಗಾ. ಒಳಗೋಗಿ ಬಾಗಿಲು ಹಾಕ್ಕೋ, ಸರಿಯಾಗಿ ಗದರಿಸಿ ಹಾಡು. ಈ ಸಲ ತೆಗೀತೀಯ ಅಂತ ನಂಗೊತ್ತು.”

ಅವನು ಬಾಗಿಲು ಹಾಕಿಕೊಂಡ. ಅಜ್ಜಿ ಮೊದಲಿನಿಂದ ಬೇಡತೊಡಗಿದಳು.